ರಾಣಿ ಕಾವಿಗೆ ಕೂತ ಕಥೆ

ಕೋಳಿ ತಿನ್ನುವವರಿಗೆ ಕೋಳಿಯ ರಗಳೆ ಒಂದು ದಿನದ್ದು. ತಿನ್ನದೆ ಸಾಕುವವರಿಗೆ ಅದು ಮುಗಿಯದ ಸಂಸಾರ. ಈ ಮಾತನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ. ಹೇಳಬೇಕಾದವರೆಲ್ಲ ಆಮೇಲೆ ನಗಲಿಕ್ಕೆ ಮಾತ್ರ ಬಂದರು. ಅದಕ್ಕೇ ಕೋಳಿಯ ಸುದ್ದಿ ತೆಗೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಇಳಕಲ್ಲಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಮನೆಯಲ್ಲಿ ಅವ್ವ, ಹೆಂಡತಿ ಶೈಲಾ, ಆರನೇ ಇಯತ್ತೆಯ ಮಗಳು ಅಕ್ಷತಾ, ಅವಳಿಗಿಂತ ಚಿಕ್ಕವನು ಸಮರ್ಥ. ನಮ್ಮದು ಲಿಂಗವಂತರ ಮನೆ. ಸೋಮವಾರ ಅವ್ವ ಉಳ್ಳಾಗಡ್ಡಿಯನ್ನು ಕೂಡ ಒಲೆಯ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಂಥ ಮನೆಯ ಹಿತ್ತಲಿಗೆ ಎರಡು ಕೋಳಿಗಳು ಬಂದವೆಂದರೆ ಅದಕ್ಕೆ ಕಾರಣ ಚೇಳುಗಳು.

ನಮ್ಮೂರಲ್ಲಿ ನೆಲ ಅಗೆದರೆ ಕಲ್ಲು, ಕಲ್ಲು ಎತ್ತಿದರೆ ಚೇಳು. ಮನೆ ಕಟ್ಟಿದಾಗ ಉಳಿದ ಗ್ರಾನೈಟ್ ತುಂಡುಗಳನ್ನು 'ಮುಂದೆ ಎಲ್ಲಾದರೂ ಬೇಕಾಗುತ್ತವೆ' ಎಂದು ಹಿತ್ತಲಲ್ಲಿ ಪೇರಿಸಿಟ್ಟವನು ನಾನೇ. ಬೇಕಾದದ್ದು ಚೇಳುಗಳಿಗೆ. ಮಕ್ಕಳು ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟು ಮೊಬೈಲ್ ಹಿಡಿದು ಕೂತರು. "ನಿಮ್ಮ ವಯಸ್ಸಿನಾಗ ನಾವು ಉಣ್ಣಾಕಷ್ಟ ಮನಿಗೆ ಬರ್ತಿದ್ವಿ" ಎಂದು ನಾನು ದಿನಾ ಭಾಷಣ ಮಾಡುತ್ತಿದ್ದೆ. "ನಿಮ್ಮ ಹಿತ್ತಲದಾಗ ಚೇಳ ಇರ್ಲಿಲ್ಲೇನ ಪಪ್ಪಾ?" ಎಂದು ಸಮರ್ಥ ತಲೆ ಎತ್ತದೆ ಕೇಳುತ್ತಿದ್ದ. ಕಡೆಗೆ, ಕಲ್ಲು ಪಾಲಿಶ್ ಮಾಡುವ ಪಕ್ಕದ ಮನೆಯ ದಸ್ತಗೀರಸಾಬ ಗೋಡೆಯಾಚೆಯಿಂದ ಹೇಳಿದ: "ಮಾಂತಣ್ಣ, ಔಷಧ ಪೌಷಧ ಹೊಡಿಬ್ಯಾಡ. ಎರಡು ಕೋಳಿ ಕೊಡ್ತೇನಿ, ಬಿಟ್ಟ ನೋಡು. ಚೇಳಿನ ಹೆಸರು ಉಳಿಯೂದಿಲ್ಲ." ಅವ್ವ ರಂಪ ಮಾಡುತ್ತಾಳೆಂದು ನಾನು ನಂಬಿದ್ದೆ. ಅವಳೋ, "ತಿನ್ನಬಾರದು ಅಂದ್ರ ಸಾಕಬಾರದು ಅಂತೇನು? ಎಮ್ಮಿ ಸಾಕೂದಿಲ್ಲೇನು?" ಎಂದು ನನ್ನ ಬಾಯಿಯನ್ನೇ ಮುಚ್ಚಿಸಿದಳು. ಮನುಷ್ಯ ಇನ್ನು ಯಾರನ್ನು ನಂಬಬೇಕು ಹೇಳಿ!

ಕೋಳಿಗಳಿಗೆ ರಾಣಿ, ಬಿಜಲಿ ಎಂದು ಹೆಸರಾಯಿತು. ಚೇಳುಗಳೇನೋ ಹೋದವು, ಸುಳ್ಳು ಯಾಕೆ ಹೇಳಲಿ. ಆದರೆ ಅವುಗಳ ಹಿಂದೆಯೇ ನನ್ನ ಮರ್ಯಾದೆಯೂ ಹೋಯಿತು. ವರ್ಷಗಟ್ಟಲೆ ನನ್ನ ಭಾಷಣಕ್ಕೆ ಅಲುಗದ ಮಕ್ಕಳು ಆ ಎರಡು ಹಕ್ಕಿಗಳ ಹಿಂದೆ ಇಡೀ ದಿನ ಹೊರಗೆ. ಮಿಡತೆ ಹಿಡಿಯುವುದೇನು, ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದೇನು, ಗ್ರಾನೈಟ್ ತುಂಡುಗಳನ್ನೇ ಒಂದರ ಮೇಲೊಂದು ಇಟ್ಟು ಲಗೋರಿ ಆಡುವುದೇನು! ಶೈಲಾ ಸಂಜೆಯ ಚುರಮುರಿಯನ್ನು ಹಿತ್ತಲಲ್ಲೇ ಕಲಸತೊಡಗಿದಳು. ನಾನು ಅಂಗಡಿ ಬಂದ್ ಮಾಡಿ ಬರುವಷ್ಟರಲ್ಲಿ ಅದರಲ್ಲಿ ಅರ್ಧ ಕೋಳಿಗಳ ಹೊಟ್ಟೆಯಲ್ಲಿ. ಕೇಳಿದರೆ, "ನಿಮಗ ಬಿ.ಪಿ. ಐತಿ, ಖಾರ ಬ್ಯಾಡ" ಎಂದಳು. ಬಿಜಲಿ ನನ್ನ ಪಾಲಿನ ಮಿರ್ಚಿ ಭಜಿಯನ್ನು ನನ್ನ ಕಣ್ಣೆದುರೇ ಎತ್ತಿಕೊಂಡು ಓಡಿತು. ಅದಕ್ಕೆ ಬಿ.ಪಿ. ಇಲ್ಲ ನೋಡಿ.

ಇನ್ನು ತತ್ತಿಯ ಪ್ರಕರಣ. ರಾಣಿ ತತ್ತಿ ಇಡತೊಡಗಿದಾಗ ನಮ್ಮ ಮನೆಯಲ್ಲಿ ಅದನ್ನು ಮುಟ್ಟುವವರಾರು? ಶೈಲಾ ತೆಂಗಿನ ಪರಟೆಯೊಳಗೆ ಉರುಳಿಸಿಕೊಂಡು ಗೋಡೆಯ ಮೇಲಿಂದ ದಸ್ತಗೀರಸಾಬನ ಹೆಂಡತಿಗೆ ದಾಟಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಓಣಿಯಲ್ಲಿ ಯಾರಾದರೂ ನೋಡುತ್ತಾರೇನೋ ಎಂದು ಕಾವಲು ಕಾಯುತ್ತಿದ್ದೆ. ಲಿಂಗವಂತರ ಮನೆಯಿಂದ ತತ್ತಿ ಹೊರಗೆ ಹೋಯಿತೆಂದರೆ, ಒಳಗೆಷ್ಟು ಉಳಿಯಿತು ಎಂದು ಲೆಕ್ಕ ಹಾಕುವ ಜನ ನಮ್ಮ ಓಣಿಯವರು.

ಹೀಗಿರುವಾಗ ರಾಣಿಗೆ ಜಡ್ಡಾಯಿತು. ಮೂಲೆಯ ಬುಟ್ಟಿಯಲ್ಲಿ ಮೈ ಉಬ್ಬಿಸಿಕೊಂಡು ಕೂತದ್ದು ಏಳಲೊಲ್ಲದು, ಕಾಳು ಮುಟ್ಟಲೊಲ್ಲದು, ಹತ್ತಿರ ಹೋದರೆ ಕುಕ್ಕುತ್ತದೆ. ಅವ್ವ ದೃಷ್ಟಿ ತೆಗೆದಳು. ಶೈಲಾ ಅರಿಷಿಣದ ನೀರು ಕುಡಿಸಲು ಹೋಗಿ ಬೆರಳು ಕುಕ್ಕಿಸಿಕೊಂಡಳು. ಅಕ್ಷತಾ ಅಳತೊಡಗಿದಳು. ದಸ್ತಗೀರಸಾಬನನ್ನು ಕೇಳೋಣವೆಂದರೆ ಅವನ ಮನೆಗೆ ಕೀಲಿ. ಸೊಲ್ಲಾಪುರಕ್ಕೆ ಮದುವೆಗೆ ಹೋದವರು ತಿಂಗಳಿಗೆ ಮೊದಲು ಬರುವಂತಿರಲಿಲ್ಲ. ಕಡೆಗೆ ನಾನೇ ಅದನ್ನು ಬುಟ್ಟಿ ಸಮೇತ ಪಶು ದವಾಖಾನೆಗೆ ಒಯ್ದೆ. ಡಾಕ್ಟರು ಒಮ್ಮೆ ಕೋಳಿಯನ್ನು, ಒಮ್ಮೆ ನನ್ನ ಹಣೆಯ ವಿಭೂತಿಯನ್ನು ನೋಡಿದರು. "ಜಡ್ಡು ಏನೂ ಇಲ್ರಿ. ಕಾವಿಗೆ ಕುಂತೈತಿ. ಒಂದ್ ಡಜನ್ ತತ್ತಿ ಕೆಳಗ ಇಡ್ರಿ, ಮೂರು ವಾರಕ್ಕ ಮರಿ ಮಾಡ್ತೈತಿ" ಎಂದರು. ಎಂಥ ತತ್ತಿ ಎಂದು ಹೇಳಿದರೇ? ಇಲ್ಲ! ಅದನ್ನು ಹೇಳುವುದು ಅವರ ಕರ್ತವ್ಯವಲ್ಲವೇ?

ರಾಣಿ ಇಟ್ಟ ತತ್ತಿಗಳೆಲ್ಲ ಗೋಡೆ ದಾಟಿ ಹೋಗಿದ್ದವು. ಬಿಜಲಿ ಇನ್ನೂ ಎಳೆಯದು. "ಪಪ್ಪಾ, ರಾಣಿ ಬರೇ ಬುಟ್ಟಿ ಕಾಯಾಕತ್ತಾಳ" ಎಂದು ಅಕ್ಷತಾ ಕಣ್ಣೀರಿಟ್ಟಾಗ, "ತತ್ತಿ ನಾ ತರ್ತೇನಿ, ಮರಿ ಆಗೇ ಆಗ್ತಾವ" ಎಂದು ಮಾತು ಕೊಟ್ಟೆ. ಕೊಟ್ಟೆನೇನೋ ಖರೆ, ಇಳಕಲ್ಲಿನಲ್ಲಿ ತತ್ತಿ ಕೊಂಡು ನಾಳೆ ಯಾವ ಮುಖ ಹೊತ್ತು ಅಂಗಡಿ ತೆರೆಯಲಿ? ವಿಭೂತಿ ಒರೆಸಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಹುನಗುಂದಕ್ಕೆ ಹೋದೆ. ಸಂತೆ ಪೇಟೆಯ ಒಂದು ಅಂಗಡಿಯಲ್ಲಿ ಹೆಲ್ಮೆಟ್ ಒಳಗಿಂದಲೇ, "ಒಂದ್ ಡಜನ್. ಚಲೋ ನೋಡಿ ಕೊಡ್ರಿ, ಹುಡುಗ್ರು ದಾರಿ ನೋಡಾಕತ್ತಾವ" ಎಂದೆ. ಝೆರಾಕ್ಸ್ ಪೇಪರಿನ ಡಬ್ಬಿಯಲ್ಲಿ ಹೊಟ್ಟು ಹಾಕಿ ತಂದು, ಗೆಳೆಯನೊಬ್ಬನ ತೋಟದ್ದೆಂದು ಮನೆಯಲ್ಲಿ ಹೇಳಿದೆ. "ಎಲ್ಲಾ ಒಂದs ನಮೂನಿ ಬೆಳ್ಳಗ ಅದಾವಲ್ಲ?" ಎಂದಳು ಅಕ್ಷತಾ. "ಒಂದೇ ಮನೆತನದವು" ಎಂದೆ.

ಮೂರು ವಾರ ನಮ್ಮ ಮನೆ ಬಾಣಂತಿಯ ಮನೆಯಾಯಿತು. ಟಿ.ವಿ. ಸಣ್ಣಗೆ, ಲಗೋರಿ ಬಂದ್. ಅವ್ವ ಪೂಜೆ ಮುಗಿಸಿ ನೆನೆಸಿದ ಜೋಳ ಹಿಡಿದು ಹೋಗಿ ಬುಟ್ಟಿಯ ಮುಂದೆ ಕೂಡುವಳು. ಸಮರ್ಥ ಕಿವಿ ಹಚ್ಚಿ ಕೇಳಿ, "ಒಳಗ ಟಿಕ್ ಟಿಕ್ ಅಂತೈತಿ" ಎನ್ನುವನು. ಅದು ಅವನದೇ ಕೈಗಡಿಯಾರ. ರಾಣಿ ಮಾತ್ರ ಸೊರಗುತ್ತಾ ಹೋದಳು. ಮೂರು ವಾರ ಮುಗಿದವು, ಮತ್ತೆ ಮೂರು ದಿನ ಕಳೆದವು, ಒಂದು ತತ್ತಿಯೂ ಬಿರಿಯಲಿಲ್ಲ. "ಪಪ್ಪಾ, ಇನ್ನ ಹಿಂಗs ಕುಂತರ ರಾಣಿ ಸಾಯ್ತಾಳ" ಎಂದು ಅಕ್ಷತಾ ಊಟ ಬಿಟ್ಟಳು. ಹಸುಗೂಸುಗಳ ಆಸೆಯ ಜೊತೆ, ಒಂದು ಮೂಕಪ್ರಾಣಿಯ ಜೀವದ ಜೊತೆ ಆಟವಾಡಿದ ಆ ಅಂಗಡಿಯವನನ್ನು ಸುಮ್ಮನೆ ಬಿಡುವುದೇ? ತತ್ತಿಗಳನ್ನು ಅದೇ ಡಬ್ಬಿಯಲ್ಲಿ ತುಂಬಿಕೊಂಡು ಗಾಡಿ ಹತ್ತಿದೆ.

ಮಾತು ಸರಿಯಾಗಿ ಕೇಳಲಿ ಎಂದು ಹೆಲ್ಮೆಟ್ ತೆಗೆದೇ ಜಗಳ ಶುರುಮಾಡಿದೆ. ಆ ಸಿಟ್ಟಿನಲ್ಲಿ ವಿಭೂತಿ ಒರೆಸಿಕೊಳ್ಳುವುದೂ ಮರೆತಿತ್ತು. "ಖೋಟಾ ಮಾಲು ಮಾರ್ತೀಯೇನು? ಒಂದರೆ ಮರಿ ಆಗೇತೇನು ನೋಡು!" ಜನ ಕೂಡಿದರು. ಅಂಗಡಿಯವನು ಪಾಪ, ಮೊದಲು ಹೆದರಿದ. ಆಮೇಲೆ ನಿಧಾನವಾಗಿ ಹೇಳಿದ: "ಯಜಮಾನ್ರ, ಇವು ಫಾರಂ ತತ್ತಿ. ಅಲ್ಲಿ ಬರೇ ಹೆಣ್ಣು ಕೋಳಿ ಇರ್ತಾವ. ಹುಂಜ ಇಲ್ಲದs ಮರಿ ಹ್ಯಾಂಗ ಆಗ್ತಾವ್ರಿ?"

ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಸಿಟ್ಟು ಏರಿದ ಮೇಲೆ ಇಳಿಯಲಿಕ್ಕೆ ಮೆಟ್ಟಿಲು ಸಿಗುವುದಿಲ್ಲ. ಪೇಟೆಗೆಲ್ಲ ಕೇಳುವಂತೆ ಕೂಗಿದೆ: "ಹುಂಜ ಯಾಕ ಬೇಕು? ನಾವು ಶುದ್ಧ ಶಾಕಾಹಾರಿಗಳು!"

ಜನರಿಂದ ಎದ್ದ ನಗುವಿನಲ್ಲಿ, "ಏ, ಇವ್ರು ಇಳಕಲ್ಲಿನ ಝೆರಾಕ್ಸ್ ಅಂಗಡಿ ಮಾಂತಣ್ಣಾರಲ್ಲ?" ಎಂಬ ದನಿಯೂ ಇತ್ತು. ಯಾರೋ ಮೊಬೈಲ್ ಎತ್ತಿದ್ದೂ ಕಾಣಿಸಿತು. ನಕ್ಕು ಸುಸ್ತಾದ ಮೇಲೆ ಅಂಗಡಿಯವನೇ ಮರುಗಿ ಪಕ್ಕದ ಓಣಿಯಿಂದ ಆರು ಮರಿ ತರಿಸಿಕೊಟ್ಟ. "ಕತ್ತಲಾದ ಮ್ಯಾಲೆ ಕೋಳಿ ಕೆಳಗ ಸರಿಸ್ರಿ, ತನ್ನವs ಅಂತ ತಿಳಕೋತೈತಿ" ಎಂದ.

ಹಾಗೇ ಮಾಡಿದೆವು. ಮರುದಿನ ಬೆಳಿಗ್ಗೆ ರಾಣಿ ಬುಟ್ಟಿಯಿಂದ ಎದ್ದು, ಮರಿಗಳನ್ನು ಹಿಂದೆ ಕಟ್ಟಿಕೊಂಡು, ಕಾಳಿಗೆ ಬಾಯಿ ಹಾಕಿದಳು. ಅಕ್ಷತಾ ಕುಣಿದಾಡಿದಳು. ನನಗೂ ಕಣ್ಣು ತುಂಬಿ ಬಂತು. ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಶೈಲಾಳ ಮೊಬೈಲಿನಲ್ಲಿ ನನ್ನನ್ನು ನೋಡುತ್ತಿದ್ದರು. ಅವ್ವ ಎರಡು ಸಲ ಹಚ್ಚಿಸಿ ನೋಡಿ, "ಎರಡು ಮಕ್ಕಳ ತಂದಿ ಆದಿ, ಇಷ್ಟೂ ತಿಳಿಯಂಗಿಲ್ಲೇನೋ?" ಎಂದಳು. ಶೈಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಸಮರ್ಥನೊಬ್ಬನೇ ನಗದೆ ಗಂಭೀರವಾಗಿ ನನ್ನ ಹತ್ತಿರ ಬಂದ.

"ಪಪ್ಪಾ, ಖರೇನs, ಹುಂಜ ಯಾಕ ಬೇಕು?"

"ನಾವು ಶುದ್ಧ ಶಾಕಾಹಾರಿಗಳು" ಎಂದೆ. "ಅಂಥಾದ್ದೆಲ್ಲ ನಾವು ಕೇಳಬಾರದು."