ಡಿಸ್ಕಸ್ ಯಾವುದಕ್ಕೆ ತಾಗಿತು?

ಓಟಗಾರ ಓಡಿ ಮುಗಿಸಿ ಬೆವರು ಒರೆಸಿಕೊಂಡು ಕೂತರೆ ಅವನ ಕೆಲಸ ಮುಗಿಯಿತು. ಡಿಸ್ಕಸ್ ಎಸೆಯುವವನಿಗೆ ಆ ಭಾಗ್ಯವಿಲ್ಲ. ಕೈಯಿಂದ ಬಿಟ್ಟ ಮೇಲೆ ಅದು ಎಲ್ಲಿ ಹೋಗುತ್ತದೋ ಅಲ್ಲೊಂದು ಫಜೀತಿ ಕಾದಿರುತ್ತದೆ. ಕೊಡಗಿನಲ್ಲಿ ಇನ್ನೂ ಬ್ರಿಟಿಷ್ ಕಮಿಷನರ ದರ್ಬಾರು ನಡೆಯುತ್ತಿದ್ದ ಕಾಲದಲ್ಲಿ ನಾನು ಎಸೆಯಲು ಶುರುಮಾಡಿದೆ. ಫಜೀತಿಗಳೂ ಆಗಲೇ ಶುರುವಾದವು.

ದಂಡವಾದ ತೋಟಾ

ಮಡಿಕೇರಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರರು ನನ್ನ ಕೈಗೊಂದು ಡಿಸ್ಕಸ್ ಕೊಟ್ಟರು. ಮರದ ಬಿಲ್ಲೆ, ಸುತ್ತಲೂ ಕಬ್ಬಿಣದ ಅಂಚು. ರಜೆಗೆ ಅದನ್ನು ಮೂರ್ನಾಡಿನ ಹತ್ತಿರದ ನಮ್ಮೂರಿಗೆ ತಂದು, ಕೊಯ್ಲಾದ ಗದ್ದೆಯಲ್ಲಿ ಗಿರ್ರನೆ ತಿರುಗಿ ಎಸೆದು ತೋರಿಸಿದೆ. ನೋಡುತ್ತ ನಿಂತವರು ದೊಡ್ಡಪ್ಪ, ನಮ್ಮ ಮನೆತನಕ್ಕೆ ಹಿರಿಯರು. ಕೋವಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಮೊದಲ ಗುಂಡಿಗೇ ಒಡೆಯುವ ಆಸಾಮಿ.

"ಯಾವುದಕ್ಕೆ ತಾಗಿತು?" ಎಂದರು.

"ಯಾವುದಕ್ಕೂ ತಾಗಬೇಕಾಗಿಲ್ಲ ದೊಡ್ಡಪ್ಪ. ದೂರ ಹೋದ್ರೆ ಸಾಕು."

"ಯಾವುದಕ್ಕೂ ತಾಗದೆ ಇರ್ಲಿಕ್ಕೆ ಇಷ್ಟು ಗಿರಕಿ ಹೊಡೀಬೇಕಾ ಮಾರಾಯ? ಅದು ನಿಂತಲ್ಲೇ ಆಗ್ತದಲ್ಲ!"

ನನಗೆ ಚುರುಕ್ ಎಂದಿತು. ಈ ಮನುಷ್ಯನ ಬಾಯಿಂದ ಒಂದು ದಿನ ಶಹಭಾಸ್ ಅನ್ನಿಸಿಯೇ ತೀರುತ್ತೇನೆ ಎಂದು ಅವತ್ತೇ ಹಠ ಹಿಡಿದೆ. ಮುಂದೆ ನಾನು ಎಸೆದ ಪ್ರತಿಯೊಂದು ಎಸೆತವೂ ಅದಕ್ಕಾಗಿಯೇ.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೇ ಇನ್ನೊಂದು. ನಾನು ಹುಟ್ಟಿದಾಗ ಆ ಒಂದು ಗುಂಡು ಹಾರಿಸಿದವರು ಈ ದೊಡ್ಡಪ್ಪನೇ. ಅವತ್ತು ಗದ್ದೆಯಿಂದ ಮನೆಗೆ ಬಂದವರು ದೊಡ್ಡಮ್ಮನ ಹತ್ತಿರ ನಿಟ್ಟುಸಿರು ಬಿಟ್ಟರು: "ಇವ ಹುಟ್ಟಿದ ದಿನ ಸುಮ್ಮನೆ ಒಂದು ತೋಟಾ ದಂಡ ಮಾಡಿದೆ ನೋಡು."

ದೊರೆಯ ನಾಯಿ

ಪಕ್ಕದ ಎಸ್ಟೇಟಿನ ಬಿಳಿ ದೊರೆ ಕಾಫಿ ಪಿಕ್ಕಿಂಗ್ ಮುಗಿದ ಮೇಲೆ ವರ್ಷಕ್ಕೊಮ್ಮೆ ಆಟೋಟ ನಡೆಸುತ್ತಿದ್ದ. ಅವನಿಗೊಂದು ಬೇಟೆನಾಯಿ. ದೊರೆ ಹೊಡೆದ ಹಕ್ಕಿ ಎಲ್ಲಿ ಬಿದ್ದರೂ ಹುಡುಕಿ ಕಚ್ಚಿಕೊಂಡು ಬರುವುದು ಅದರ ಉದ್ಯೋಗ. ನಾನು ಡಿಸ್ಕಸ್ ಎಸೆದೆ. ಇದೆಂತದೋ ಹೊಸ ಜಾತಿಯ ಹಕ್ಕಿ ಎಂದುಕೊಂಡಿತೋ ಏನೋ, ನಾಯಿ ಸರಪಳಿ ಕಿತ್ತುಕೊಂಡು ಓಡಿತು. ಅಂಚನ್ನು ಕಚ್ಚಿಕೊಂಡು ದೊರೆಯನ್ನು ಹುಡುಕಿತು. ದೊರೆ ಮೈದಾನದ ಆ ತುದಿಯಲ್ಲಿ ಮೇಮ್ ಸಾಹೇಬರ ಜೊತೆ ಚಹಾ ಕುಡಿಯುತ್ತಿದ್ದ. ಅಲ್ಲಿಗೇ ಹೋಗಿ ಅವನ ಬೂಟಿನ ಮುಂದೆ ಇಟ್ಟಿತು.

ಟೇಪು ಹಿಡಿದಿದ್ದ ಎಸ್ಟೇಟ್ ರೈಟರು, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಮಹಾ ಕಟ್ಟುನಿಟ್ಟಿನವರು. ನೇರ ದೊರೆಯ ಬೂಟಿನ ತನಕ ಅಳೆದರು.

"ರೈಟರೇ, ಅದು ಬಿದ್ದದ್ದು ಇಲ್ಲಿ!" ಎಂದೆ.

"ಇರುವುದು ಇಲ್ಲಿ ಅಲ್ವಾ? ದೊರೆ ಮುಂದೆ ಸುಳ್ಳು ಹೇಳು ಅಂತೀರಾ?"

ಬಹುಮಾನದ ಕಪ್ಪು ನನಗೇ ಬಂತು. ದೊಡ್ಡಪ್ಪ ಅದನ್ನು ಕೈಯಲ್ಲಿ ಹಿಡಿದು ಕೇಳಿದರು: "ಇದನ್ನು ನಾಯಿಗೆ ಯಾಕೆ ಕೊಡ್ಲಿಲ್ಲ? ಎಲ್ಲಿಗೆ ಮುಟ್ಟಿಸ್ಬೇಕು ಅಂತ ಅದಕ್ಕಾದ್ರೂ ಗೊತ್ತಿತ್ತು."

ಕಣಿಲೆ ಭರಣಿ

ಕೊಲಂಬೋದ ಪಂದ್ಯಕ್ಕೆ ಇಂಡಿಯಾದ ತಂಡವನ್ನು ಬೆಂಗಳೂರಿನಲ್ಲಿ ಆರಿಸುತ್ತಾರೆಂದು ಸುದ್ದಿ ಬಂತು. ಹೊರಡುವ ಬೆಳಿಗ್ಗೆ ನೋಡಿದರೆ ಡಿಸ್ಕಸ್ಸೇ ಇಲ್ಲ! ಅಟ್ಟ, ಕೊಟ್ಟಿಗೆ ಎಲ್ಲ ಜಾಲಾಡಿದ ಮೇಲೆ ಅಡುಗೆಮನೆಯಲ್ಲಿ ಸಿಕ್ಕಿತು. ದೊಡ್ಡಮ್ಮ ಕಣಿಲೆಯನ್ನು, ಅಂದರೆ ಎಳೆ ಬಿದಿರನ್ನು, ಹೆಚ್ಚಿ ಭರಣಿಯ ನೀರಿನಲ್ಲಿ ನೆನೆಹಾಕಿ, ತೇಲದಿರಲೆಂದು ಮೇಲೆ ಡಿಸ್ಕಸ್ ಹೇರಿದ್ದರು.

"ಎಂತ ಒಳ್ಳೆ ಭಾರ ಮೋನೇ! ನೀ ಈ ಮನೆಗೆ ತಂದದ್ದರಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದೇ."

ನೆನೆದ ಕಣಿಲೆಯ ವಾಸನೆ ಗೊತ್ತಿದ್ದವರಿಗೆ ಗೊತ್ತು. ತೊಳೆದೆ, ಬೂದಿ ಹಾಕಿ ತಿಕ್ಕಿದೆ, ಏನೂ ಪ್ರಯೋಜನವಾಗಲಿಲ್ಲ. ಬೆಂಗಳೂರಿನ ರೈಲಿನಲ್ಲಿ ನನ್ನ ಬೆಂಚಿನ ತುಂಬ ನಾನೊಬ್ಬನೇ ಕಾಲು ಚಾಚಿ ಮಲಗಿ ಹೋದೆ. ಮೈದಾನದಲ್ಲಿ ತೀರ್ಪುಗಾರರು ಡಿಸ್ಕಸ್ಸನ್ನು ತಕ್ಕಡಿಗೆ ಹಾಕಿದರು, ಮೂಗಿನ ಹತ್ತಿರ ತಂದರು, ಥಟ್ಟನೆ ದೂರ ಹಿಡಿದರು.

"ತೂಕ ಸರಿಯಾಗಿದೆ," ಎಂದರು. "ಇದು ಸತ್ತು ಎಷ್ಟು ದಿನವಾಯಿತು?"

ಯಾರ ಮೇಲೆ?

ಅಂತೂ ಆಯ್ಕೆಯಾದೆ. ದೊಡ್ಡಪ್ಪ ಬೇಡ ಎನ್ನಲಿಲ್ಲ. "ಹೋಗು. ಸಮುದ್ರದ ಆಚೆ ಯಾವುದಕ್ಕೂ ತಾಗದಿದ್ರೆ ಇಲ್ಲಿ ಯಾರಿಗೂ ಗೊತ್ತಾಗೋದಿಲ್ಲ," ಎಂದು ಹರಸಿ ಕಳಿಸಿದರು.

ಧನುಷ್ಕೋಡಿಯಲ್ಲಿ ಹಡಗು ಹತ್ತುವ ಮೊದಲು ಸುಂಕದ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿದ. ಡಿಸ್ಕಸ್ ನೋಡಿ ಹುಬ್ಬು ಗಂಟಿಕ್ಕಿದ.

"ಏನಿದು?"

"ಎಸೆಯುವುದು ಸ್ವಾಮಿ."

"ಯಾರ ಮೇಲೆ?"

ಇಲ್ಲೂ ಒಬ್ಬ ದೊಡ್ಡಪ್ಪ ಇದ್ದಾನಲ್ಲಪ್ಪ ಎಂದುಕೊಂಡೆ. ಎಷ್ಟು ವಿವರಿಸಿದರೂ ಅವನಿಗೆ ನಂಬಿಕೆ ಬರಲಿಲ್ಲ. ಹಡಗು ಕೂಗು ಹಾಕತೊಡಗಿತು. ಕೊನೆಗೆ ಊರು ಯಾವುದೆಂದು ಕೇಳಿದ. ಕೊಡಗು ಎಂದೆ. ಕೊಡವರಿಗೆ ಬಂದೂಕು ಇಟ್ಟುಕೊಳ್ಳಲು ಲೈಸೆನ್ಸ್ ಬೇಡವೆಂದು ಸರ್ಕಾರವೇ ರಿಯಾಯಿತಿ ಕೊಟ್ಟಿದ್ದು ಅವನಿಗೆ ಗೊತ್ತಿತ್ತು. ಮುಖ ಅರಳಿತು.

"ಮೊದಲೇ ಹೇಳಬಾರದಾ? ನಿಮಗೆ ಆಯುಧಕ್ಕೆ ಲೈಸೆನ್ಸ್ ಬೇಡವಲ್ಲ. ಹೋಗಿ ಹೋಗಿ, ಹಡಗಿನಲ್ಲಿ ಮಾತ್ರ ಹಾರಿಸಬೇಡಿ!"

ಎರಡು ಗುಂಡು

ಕೊಲಂಬೋದಲ್ಲಿ ಎರಡನೆಯವನಾದೆ. ಬೆಳ್ಳಿ ಪದಕ ಹಿಡಿದು ಊರಿಗೆ ಬಂದು ದೊಡ್ಡಪ್ಪನ ಕೈಯಲ್ಲಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾವುದಕ್ಕೆ ತಾಗಿತು ಎಂದು ಕೇಳುತ್ತಾರೆಂದು ಕಾದೆ.

"ತುಂಬ ದೂರ ಹೋಯ್ತಾ?" ಎಂದರು.

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಅದೇ ಮೊದಲು. ಹೌದೆಂದು ಜೋರಾಗಿ ತಲೆ ಆಡಿಸಿದೆ. ದೊಡ್ಡಪ್ಪ ಪದಕವನ್ನು ತಮ್ಮ ಕೊರಳಿಗೇ ಹಾಕಿಕೊಂಡು, ಕೋವಿ ತೆಗೆದುಕೊಂಡು ಅಂಗಳಕ್ಕೆ ಇಳಿದರು.

"ಇದು ಪದಕಕ್ಕೆ," ಎಂದು ಒಂದು ಗುಂಡು ಹಾರಿಸಿದರು. ನನ್ನ ಕಡೆ ತಿರುಗಿದರು, ಕಣ್ಣು ಒದ್ದೆಯಾಗಿತ್ತು. "ಅವತ್ತು ತೋಟಾ ದಂಡ ಅಂದೆನಲ್ಲ, ಆ ತಪ್ಪಿಗೆ ಇದು," ಎಂದು ಇನ್ನೊಂದು ಹಾರಿಸಿಬಿಟ್ಟರು.

"ಅಯ್ಯೋ, ಎರಡು ಹೊಡೆದ್ರಲ್ಲ!" ಎಂದು ದೊಡ್ಡಮ್ಮ ಒಳಗಿನಿಂದ ಕಿರುಚುತ್ತ ಬಂದರು.

ಆ ಹೊತ್ತಿಗೆ ಊರೇ ಹೊರಟಾಗಿತ್ತು. ಗಂಡಸರು, ಹೆಂಗಸರು, ಎಲ್ಲರೂ ಸಾವಿನ ಮನೆಗೆ ಉಡುವ ಬಿಳಿ ಬಟ್ಟೆಯಲ್ಲಿ. ಇಬ್ಬರು ಚಿತೆಗೆ ಯಾವ ಮಾವಿನಮರ ಕಡಿಯುವುದೆಂದು ಮಾತಾಡಿಕೊಳ್ಳುತ್ತ ಕೊಡಲಿ ಸಮೇತ ಬಂದರು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಮುದುಕ. ಗದ್ದೆಗೆ ನೀರು ಬಿಡುವ ಜಗಳದಲ್ಲಿ ದೊಡ್ಡಪ್ಪನ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದವು. ಆತ ಎದೆ ಬಡಿದುಕೊಂಡು, "ಮಾತಾಡದೇ ಹೋಗಿಬಿಟ್ಟೆಯಲ್ಲೋ!" ಎಂದು ಗೋಳಾಡುತ್ತ ಅಂಗಳಕ್ಕೆ ಕಾಲಿಟ್ಟ. ಎದುರಿಗೆ ಜಗಲಿಯ ಮೇಲೆ ದೊಡ್ಡಪ್ಪ ಕೊರಳಲ್ಲಿ ಪದಕ ಹಾಕಿಕೊಂಡು ಕೂತಿದ್ದರು.

ಮುದುಕನ ಅಳು ಗಕ್ಕನೆ ನಿಂತಿತು. ಅತ್ತದ್ದೆಲ್ಲ ವ್ಯರ್ಥವಾಯಿತೆಂದು ಸಿಟ್ಟು ನೆತ್ತಿಗೇರಿತು.

"ಮತ್ತೆ ಸತ್ತದ್ದು ಯಾರು?"

"ಯಾರೂ ಇಲ್ಲ. ನಮ್ಮ ಹುಡುಗ ಕೊಲಂಬೋದಲ್ಲಿ ಡಿಸ್ಕಸ್ ಎಸೆದು ಬಂದ."

"ಅಷ್ಟಕ್ಕೆ ಎರಡು ಗುಂಡಾ? ಅದು ಯಾವುದಕ್ಕೆ ತಾಗಿತು?"

ದೊಡ್ಡಪ್ಪ ಅಂಗಳದ ತುಂಬ ನಿಂತ ಬಿಳಿ ಬಟ್ಟೆಗಳನ್ನು ನೋಡಿದರು, ಕೊಡಲಿಗಳನ್ನು ನೋಡಿದರು, ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡರು.

"ನನಗೇ ತಾಗಿತು ಮಾರಾಯ. ಇಲ್ಲದಿದ್ರೆ ನೀವೆಲ್ಲ ಬಿಳಿ ಉಟ್ಟು ಯಾಕೆ ಬರ್ತಿದ್ರಿ?"