ಹೆಂಡತಿ ಯಾರ ಕಡೆ ನೋಡಿದಳು?

ಹೆಂಡತಿ ಭರತನಾಟ್ಯ ಕಲಿಸುವವಳಾಗಿದ್ದು, ಅವಳ ಫೋಟೋ ತೆಗೆಯುವವನು ಗಂಡನಿಗಿಂತ ಚೆಂದ ಇದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಮನೆ ಬೆಳಗಾವಿಯ ಶಹಾಪುರದಲ್ಲಿ, ಮಾಳಿಗೆಯ ಮೇಲೆ ಅವಳ ನೃತ್ಯಶಾಲೆ. ಶಾಲೆಗೆ ಹೊಸ ಬ್ಯಾನರ್ ಬೇಕು, ಶೃಂಗಾರ, ವಿರಹ, ರೌದ್ರ ಮೂರರದೂ ಜನ ಓಡಾಡುವ ಜಾಗದಲ್ಲೇ ಫೋಟೋ ತೆಗೆಸಬೇಕು ಎಂದು ಹಟ ಹಿಡಿದಳು.

ಫೋಟೋಗ್ರಾಫರ್ ಬಂದ. ಒಪ್ಪವಾದ ಗಡ್ಡ, ಮೆತ್ತನೆಯ ಮಾತು. ಬೆಳ್ಳಿ ಬಣ್ಣದ ದುಂಡನೆಯ ಹಾಳೆಯೊಂದನ್ನು ನನ್ನ ಕೈಗಿಟ್ಟು, "ಸರ್, ಮೇಡಂ ಮುಖದ ಮ್ಯಾಲ ಬೆಳಕು ಬೀಳೂ ಹಂಗ ಹಿಡೀರಿ" ಎಂದ. ನಮ್ಮ ಮದುವೆಯ ಆಲ್ಬಮ್ಮಿನ ಒಂದು ಫೋಟೋದಲ್ಲೂ ಈಕೆ ನನ್ನ ಕಡೆ ನೋಡಿಲ್ಲ. ಈಗ ಇವನ ಕಡೆ ನೋಡಲಿಕ್ಕೆ ನಾನೇ ಬೆಳಕು ಹಿಡಿಯಬೇಕು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಒಂದು ಫೋಟೋದಲ್ಲಾದರೂ ಅವಳು ನನ್ನನ್ನು ನೋಡಿದ ಮುಖ ಇರಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಕೂತಿತು.

ಬಜಾರಿನಲ್ಲಿ ಶೃಂಗಾರ

ಮೊದಲ ದಿನ ಪೇಟೆಯ ನಟ್ಟನಡುವೆ. ಆಟೋದವರು ಹಾರ್ನ್ ಹೊಡೆಯುತ್ತಿದ್ದರು, ಕೊತ್ತಂಬರಿ ಮಾರುವವಳು ಮಾರುವುದನ್ನು ಬಿಟ್ಟು ನೋಡುತ್ತಿದ್ದಳು.

"ಮೇಡಂ, ನಿಮಗ ಭಾಳ ಪ್ರೀತಿ ಇರೂದನ್ನ ನೆನಸ್ಕೊಂಡು ನನ್ನ ಕಡೆ ನೋಡ್ರಿ."

ಅವಳ ಮುಖ ಅರಳಿತು ನೋಡಿ, ಅಂಥ ಆಸೆಯ ಕಣ್ಣು ನಾನು ಯಾವತ್ತೂ ಕಂಡಿರಲಿಲ್ಲ. ನನ್ನ ಕೈಯಲ್ಲಿದ್ದ ಹಾಳೆ ತಾನಾಗಿಯೇ ತಿರುಗಿ, ಬಿಸಿಲೆಲ್ಲ ಅವನ ಕಣ್ಣಿಗೆ ಹೊಡೆಯಿತು. ಮನೆಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ: "ಯಾರನ್ನ ನೆನಸ್ಕೊಂಡಿದ್ದಿ?"

"ಯಾರನ್ನ ಅಂದ್ರ? ಅವನ ಹಿಂದಿನ ಮಿಠಾಯಿ ಅಂಗಡ್ಯಾಗ ಬಿಸಿ ಕುಂದಾ ಇಳಸಾಕತ್ತಿದ್ರು. ಮುಂಜಾನಿಂದ ಏನೂ ತಿಂದಿರಲಿಲ್ಲರೀ."

ಅಂದಿನಿಂದ ನನಗೆ ಕುಂದಾದ ಮೇಲೂ ಹೊಟ್ಟೆಕಿಚ್ಚು.

ದೇಸೂರಿನಲ್ಲಿ ವಿರಹ

ಮುಂದಿನ ವಾರ ದೇಸೂರ ರೈಲು ನಿಲ್ದಾಣ. ನಲ್ಲನ ದಾರಿ ಕಾಯುವ ನಾಯಿಕೆಯಾಗಿ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ತಂದುಕೊಂಡಳು. ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದ ಅಜ್ಜಿಯೊಬ್ಬಳು ಬಂದು ಅವಳ ಬೆನ್ನು ಸವರಿದಳು.

"ಅಳಬ್ಯಾಡ ತಂಗಿ. ಗಂಡ ಬರಲಿಲ್ಲೇನು? ಮುಂದಿನ ಗಾಡಿಗೆ ಬರತಾನ, ತಗೋ."

ನಾನು ಹಾಳೆ ಹಿಡಿದುಕೊಂಡೇ ಮುಂದೆ ಹೋದೆ. "ಅಜ್ಜಿ, ನಾನ ಆಕಿ ಗಂಡ."

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಖರೇನ? ಅದಕ್ಕ ಅಳಾಕತ್ತಾಳ ಬಿಡು" ಎಂದಳು.

ಖಾನಾಪುರದಲ್ಲಿ ರೌದ್ರ

ಉಳಿದಿದ್ದು ದೇವಿಯ ಕೋಪ. ಅದಕ್ಕೆ ಖಾನಾಪುರದ ಬಸ್ ಸ್ಟ್ಯಾಂಡು. ಜನ ಸುತ್ತುಗಟ್ಟಿ ನಿಂತಿದ್ದರು, ಅವಳಿಗೆ ನಗು ಬಿಟ್ಟು ಬೇರೇನೂ ಬರಲೊಲ್ಲದು.

"ಮೇಡಂ ಸ್ವಭಾವನ ಶಾಂತ ಅದ ಸರ್. ಸಿಟ್ಟು ಬರೂದ ಇಲ್ಲ" ಎಂದ ಅವನು. ಹೆಂಡತಿ ನಾಚಿಕೊಂಡಳು. ನನ್ನ ಮುಂದೆ ಯಾವತ್ತು ನಾಚಿದ್ದಾಳೆ?

ಸ್ವಲ್ಪ ದಣಿವಾರಿಸಿಕೊಳ್ಳೋಣ ಎಂದು ಅವಳು ಗೆಜ್ಜೆ ಬಿಚ್ಚಿ ಚೀಲದಲ್ಲಿ ಹಾಕಿ ನನಗೆ ಕೊಟ್ಟಳು. ಅವಳ ಗುರುಗಳು ಕೊಟ್ಟ ಗೆಜ್ಜೆ ಅದು, ದಿನಾ ಪೂಜೆಯಾಗುತ್ತದೆ. "ಕೆಳಗ ಇಡಬ್ಯಾಡ್ರಿ, ಯಾರದರ ಕಾಲು ತಾಗತದ."

ಅಷ್ಟರಲ್ಲಿ ಅವನೆಂದ: "ಹೊಳ್ಳಿ ಹೋಗೂಮುಂದ ಮೇಡಂ ನನ್ನ ಕಾರಿನ್ಯಾಗ ಬರಲಿ. ಹಿಂದಿನ ಸೀಟಿನ್ಯಾಗ ಲೈಟು ತುಂಬ್ಯಾವ. ಸರ್, ನೀವು ಬಸ್ಸಿಗೆ ಬರ್ತೀರಲ್ಲ?"

ಏನಾದರಾಗಲಿ, ಅವಳು ನನ್ನ ಜೊತೆ ಬಸ್ಸಿಗೇ ಬರಬೇಕು ಎಂದುಕೊಂಡೆ. ಎದುರಿಗೆ ಬೆಳಗಾವಿ ಬಸ್ಸು ಬಂದು ನಿಂತಿತು, ಜನ ಬಾಗಿಲಿಗೆ ಮುಗಿಬಿದ್ದರು. ನಾನು ಓಡಿಹೋಗಿ, ಎಲ್ಲರೂ ಟವೆಲ್ಲು ಹಾಕುವ ಹಾಗೆ, ಕೈಯಲ್ಲಿದ್ದ ಚೀಲವನ್ನು ಕಿಟಕಿಯಿಂದ ಒಳಗೆ ಸೀಟಿನ ಮೇಲೆ ಇಟ್ಟೆ. ಎದೆಯುಬ್ಬಿಸಿ ವಾಪಸು ಬಂದು ಹೆಂಡತಿಗೆ ಹೇಳಿದೆ: "ಇಬ್ಬರಿಗೂ ಸೀಟು ಹಿಡದೀನಿ, ನಡಿ."

"ಏನ ಇಟ್ಟು ಹಿಡದ್ರಿ?"

ನಾನು ಬಾಯಿ ತೆರೆಯುವುದರೊಳಗೆ ಕಂಡಕ್ಟರ್ ಸೀಟಿ ಊದಿದ. ಬಸ್ಸು ಗೆಜ್ಜೆಯ ಸಮೇತ ಹೊರಟುಹೋಯಿತು.

"ಕೆಳಗಂತೂ ಇಡಲಿಲ್ಲ" ಎಂದೆ.

ಅವಳು ನನ್ನ ಕಡೆ ನೋಡಿದಳು. ಕಣ್ಣು ಕೆಂಡವಾಗಿದ್ದವು, ಬೆರಳು ಮೇಲೆದ್ದಿತ್ತು, ಮೂಗುತಿ ಸುದ್ದಾ ನಡುಗುತ್ತಿತ್ತು. ಸುತ್ತಲಿನ ಜನ ಎರಡು ಹೆಜ್ಜೆ ಹಿಂದೆ ಸರಿದರು. ಕ್ಯಾಮೆರಾ ಟಕಟಕ ಎಂದಿತು.

ಸ್ಟ್ಯಾಂಡಿನವರು ಫೋನು ಮಾಡಿದ್ದರಿಂದ ಗೆಜ್ಜೆ ಬೆಳಗಾವಿಯಲ್ಲಿ ಸಿಕ್ಕಿತು. ಅವಳು ಕಾರಿನಲ್ಲಿ ಹೋದಳು, ಲೈಟುಗಳೂ ಕಾರಿನಲ್ಲೇ ಹೋದವು, ನಾನು ಮುಂದಿನ ಬಸ್ಸಿನಲ್ಲಿ.

ಬ್ಯಾನರಿಗೆ ಹೆಂಡತಿ ಆರಿಸಿದ್ದು ಅದೇ ಫೋಟೋ. ಕಟ್ಟುವ ದಿನ ಫೋಟೋಗ್ರಾಫರ್ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ.

"ಸರ್, ನಾ ಎಷ್ಟು ಬೇಡಿಕೊಂಡ್ರೂ ಮೇಡಂ ನನ್ನ ಕಡೆ ಒಮ್ಮೆನೂ ಹಿಂಗ ನೋಡಲಿಲ್ಲ" ಎಂದ.

ಅವನ ದನಿಯಲ್ಲಿ ಹೊಟ್ಟೆಕಿಚ್ಚಿತ್ತು. ಅವತ್ತು ಮೊದಲ ಸಲ ಅವನಿಗೆ ನಾನೇ ಚಹಾ ಕುಡಿಸಿದೆ.