ಕಥೆ ಮುಗಿಯುವ ಮುನ್ನ ದಲಾಲನನ್ನು ಹಿಡಿಯುವುದರ ಕುರಿತು

ಸಂಬಂಧಪಟ್ಟ ಮಹಕಮೆ (ಹೆಸರು ಇನ್ನೂ ಪರಿಶೀಲನೆಯಲ್ಲಿದೆ), ಲಿಂಗಸುಗೂರು
ಮಿಸಲ್ ನಂಬರ್: ಮಕ್ಕಳು/ಕಥೆ/ದಲಾಲಿ/೧೧, ಫಸಲಿ ೧೩೫೪

ವಿಷಯ: ಮಕ್ಕಳ ಕಥೆ ಬರೆಯುವ ಹೊಸಬರು ದಲಾಲನನ್ನು ಯಾವಾಗ ಗೊತ್ತು ಮಾಡಿಕೊಳ್ಳತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ: ಮಸ್ಕಿಯ ಪಾರ್ವತೆಮ್ಮ ಈ ಕಚೇರಿಯ ಕಟ್ಟೆಯ ಮೇಲೆ ಕೂತು ಮಾಡಿದ ತಕರಾರು (ಮೌಖಿಕ, ಜೋರು ದನಿ).

ಸದರಿ ಪಾರ್ವತೆಮ್ಮ ಓಣಿಯ ಮಕ್ಕಳಿಗೆ ಕುಂಟ ಆಡಿನಮರಿಯೊಂದರ ಕಥೆ ಹೇಳುತ್ತ, ಹೇಳಿದಷ್ಟನ್ನು ಬರೆಯುತ್ತ ಬಂದಿರುತ್ತಾಳೆ. ಮರಿ ಮುದಗಲ್ ಕೋಟೆಯೊಳಗೆ ಹಾದಿ ತಪ್ಪಿ, ಅಗಸೆ ಬಾಗಿಲಲ್ಲಿ ತೋಳ ಎದುರಾದಲ್ಲಿಗೆ ಕಥೆ ನಿಂತಿರುತ್ತದೆ. ಮುಂದೇನೆಂಬುದು ಆಕೆಗೇ ಗೊತ್ತಿಲ್ಲ. ಆದರೂ ಅಚ್ಚಾದ ಪುಸ್ತಕ ಕಾಣುವ ಆಸೆ ತಡೆಯಲಾರದೆ, ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ಲಿಂಗಸುಗೂರು ಸಂತೆಯ ಎತ್ತಿನ ದಲಾಲ ಗದ್ದೆಪ್ಪನನ್ನು ಹಿಡಿದಿರುತ್ತಾಳೆ.

ಗದ್ದೆಪ್ಪನು ಕಸುಬಿನ ರೂಢಿಯಂತೆ ರಾಯಚೂರಿನ ಅಚ್ಚುಕೂಟದ ಸಾಹುಕಾರನ ಕೈಮೇಲೆ ಹೆಗಲ ವಲ್ಲಿಬಟ್ಟೆ ಹೊದಿಸಿ, ಒಳಗೆ ಯಾರಿಗೂ ಕಾಣದಂತೆ ಬೆರಳು ಹಿಡಿದು ವ್ಯವಹಾರ ಕುದುರಿಸಿರುತ್ತಾನೆ. "ಭಾಳ ಸಾಧು ಐತ್ರೀ. ಹಾಯಂಗಿಲ್ಲ, ಒದಿಯಂಗಿಲ್ಲ, ಕಟ್ಟಿದ ಗೂಟ ಬಿಟ್ಟು ಕದಲಂಗಿಲ್ಲ" ಎಂದು ಕಥೆಯನ್ನೂ ಎತ್ತಿನಂತೆಯೇ ಹೊಗಳಿರುತ್ತಾನೆ. ಸಾಹುಕಾರನು ಅದನ್ನೇ ಕರಾರೆಂದು ಹಿಡಿದು, ಕೊನೆಗೆ ಮರಿ ಬುದ್ಧಿ ಕಲಿತು ಗೂಟಕ್ಕೆ ಕಟ್ಟಿಸಿಕೊಳ್ಳಲೇಬೇಕೆಂದು ಪಟ್ಟು ಹಿಡಿದಿರುತ್ತಾನೆ.

"ನನ್ನ ಮರಿ ಕೊಳ್ಳಾಗ ಹಗ್ಗ ಹಾಕಾಕ ಇವರ್ಯಾರ್ರೀ? ನಾ ಇನ್ನಾ ಅದನ್ನ ಕ್ವಾಟಿ ದಾಟಿಸಿಲ್ಲ!" ಎಂದು ಪಾರ್ವತೆಮ್ಮ ಅತ್ತಿರುತ್ತಾಳೆ. ಅತ್ತಿದ್ದು ಕಚೇರಿ ವೇಳೆಯಲ್ಲೇ ಆದ್ದರಿಂದ ದಾಖಲಿಸಿಕೊಳ್ಳಲಾಗಿದೆ.

ಆದಕಾರಣ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಸಮಸ್ತ ಹೊಸ ಕಥೆಗಾರರಿಗೆ ತಿಳಿಯಪಡಿಸುವುದೇನೆಂದರೆ:

೧. ಕಥೆ ಮುಗಿಯದೆ ದಲಾಲನನ್ನು ಹುಡುಕತಕ್ಕದ್ದಲ್ಲ. ದಲಾಲನೇ ತಾನಾಗಿ ಬಂದರೆ ಮಜ್ಜಿಗೆ ಕೊಟ್ಟು ಕಳಿಸತಕ್ಕದ್ದು. ಮಜ್ಜಿಗೆ ಹುಳಿಯಾಗಿದ್ದಲ್ಲಿ ಮಹಕಮೆ ಹೊಣೆಯಲ್ಲ.

೨. ಕಥೆ ಮುಗಿಯಿತೆಂದು ಸಾರುವ ಅಧಿಕಾರ ಬರೆದವರಿಗಿಲ್ಲ, ಮಕ್ಕಳಿಗಿದೆ. ಮಕ್ಕಳು "ಮುಂದ?" ಎಂದರೆ ಮುಗಿದಿಲ್ಲ. "ಹಸಿವ್ಯಾಗೇತಿ" ಎಂದರೆ ರೊಟ್ಟಿ ಕೊಟ್ಟು ಮರುಪರೀಕ್ಷೆ ನಡೆಸತಕ್ಕದ್ದು. "ಇನ್ನೊಮ್ಮಿ ಹೇಳಬೇ" ಎಂದರೆ ಮಾತ್ರ ದಲಾಲನ ಮನೆಯ ಹಾದಿ ಹಿಡಿಯಬಹುದು.

೩. ಸ್ವಂತ ಮಕ್ಕಳ ಸಾಕ್ಷಿ ನಡೆಯದು. ಪರರ ಮಕ್ಕಳಾದರೂ ಬೆಲ್ಲ ತಿಂದಿರುವರೇ ಎಂದು ಬಾಯಿ ಮೂಸಿ ನೋಡತಕ್ಕದ್ದು.

೪. ದಲಾಲನು ಕಥೆಯ ಹಲ್ಲು ಎಣಿಸತಕ್ಕದ್ದಲ್ಲ, ಬಾಲ ತಿರುವಿ ಓಡಿಸತಕ್ಕದ್ದಲ್ಲ, ವಲ್ಲಿಯ ಕೆಳಗೆ ಮಾರತಕ್ಕದ್ದಲ್ಲ. ಮೊದಲು ಪೂರ್ತಿ ಕೇಳತಕ್ಕದ್ದು. ಅಳು ಬಂದಲ್ಲಿ ಒರೆಸಿಕೊಳ್ಳಲು ಅದೇ ವಲ್ಲಿಯನ್ನು ಬಳಸಲು ಅನುಮತಿ ಇದೆ.

೫. ತೋಳವು ಮುಂದಿನ ಆದೇಶದವರೆಗೆ ಬಾಯಿ ಮುಚ್ಚಿಕೊಂಡು ಅಗಸೆಯಲ್ಲೇ ನಿಂತಿರತಕ್ಕದ್ದು.

ಈ ಆದೇಶ ಕಚೇರಿಯಿಂದ ಹೊರಡುವ ಮುನ್ನವೇ, ಕಲಂ ೨ರಂತೆ ಪಾರ್ವತೆಮ್ಮ ಕಥೆ ಮುಗಿಸಿಕೊಂಡು ಬಂದು ಕಚೇರಿಯ ಅಂಗಳದಲ್ಲಿ ಓಣಿಯ ಮಕ್ಕಳಿಗೆ ಹೇಳಿರುತ್ತಾಳೆ. ಮರಿಯ ಕುಂಟುಗಾಲಿನ ಸಪ್ಪಳ ಕೋಟೆಯ ಗೋಡೆಗೋಡೆಗೂ ಬಡಿದು, ದಂಡೇ ಬಂತೆಂದು ತೋಳ ಬಾಲ ಮುದುಡಿ ಓಡಿರುತ್ತದೆ. ಮರಿ ಕುಂಟುತ್ತಲೇ ಅಗಸೆ ದಾಟಿ ಹೋಗಿರುತ್ತದೆ. ಶಭಾಶ್! ಕೂಡಲೇ "ಇನ್ನೊಮ್ಮಿ" ಎಂಬ ಕೂಗು ಎದ್ದಿರುತ್ತದೆ. ಕೂಗಿನಲ್ಲಿ ಒಂದು ದನಿ ದಪ್ಪವಾಗಿತ್ತೆಂಬ ದೂರು ಬಂದಿದ್ದು, ಅದು ಕೆಳಗೆ ಸಹಿ ಮಾಡಿದವರದೇ ಆದ್ದರಿಂದ ವಿಚಾರಣೆ ಅಗತ್ಯವಿರುವುದಿಲ್ಲ.

ಅಲ್ಲೇ ಕೂತು ಪೂರ್ತಿ ಕಥೆ ಕೇಳಿದ ಗದ್ದೆಪ್ಪನನ್ನು ಈಗ ವಿಧಿವತ್ತಾಗಿ ದಲಾಲನೆಂದು ಒಪ್ಪಲಾಗಿದೆ. "ಇದು ಗೂಟಕ್ಕ ನಿಂದ್ರು ಮಾಲಲ್ರೀ" ಎಂದು ಸಾಹುಕಾರನಿಗೆ ಎಲ್ಲರೆದುರು, ವಲ್ಲಿ ಹೊದಿಸದೆ ಬರಿಗೈಯಲ್ಲಿ ಹೇಳಲು ಆತ ಒಪ್ಪಿರುತ್ತಾನೆ.

(ಸಹಿ) ಮುದುಕಪ್ಪ
ಪೇಷ್ಕಾರ

ಪ್ರತಿಗಳು:
ಅಚ್ಚುಕೂಟದ ಸಾಹುಕಾರರಿಗೆ: ಗೂಟ ಮತ್ತು ಹಗ್ಗವನ್ನು ಜಪ್ತಿ ಮಾಡಿರುವ ಬಗ್ಗೆ ಮಾಹಿತಿಗಾಗಿ.
ದಲಾಲ ಗದ್ದೆಪ್ಪನಿಗೆ: ಒದ್ದೆಯಾದ ವಲ್ಲಿ ಸಮೇತ.
ತೋಳಕ್ಕೆ: ಎಲ್ಲಿಗೆ ಓಡಿದೆಯೆಂದು ತಿಳಿಯದ್ದರಿಂದ ಅಗಸೆಗೆ ಅಂಟಿಸತಕ್ಕದ್ದು.
ಮಸ್ಕಿಯ ಪಾರ್ವತೆಮ್ಮನಿಗೆ: ನಾಳೆ ಕಚೇರಿಗೆ ರಜೆ ಇದೆ. ಆದರೂ ಬರತಕ್ಕದ್ದು. ನಾವೆಲ್ಲರೂ ಅಂಗಳದಲ್ಲಿ ಕೂತಿರುತ್ತೇವೆ.